ಗೋಪಾಲಯ್ಯನಂಥ ನನ್ನ ಗೆಳತಿ

ಇಷ್ಟದ ಕಾದಂಬರಿ ಯಾವುದು ಅಂತ ಯಾರಾದರೂ ಕೇಳಿದರೆ ನಾನು ಯೋಚನೆ ಮಾಡುವುದೇ ಇಲ್ಲ. ‘ಬೆಟ್ಟದ ಜೀವ’. ಶಿವರಾಮ ಕಾರಂತರದ್ದು, 1943ರಲ್ಲಿ ಬಂದದ್ದು. ‘ಮರಳಿ ಮಣ್ಣಿಗೆ’ಯ ಹಾಗೆ ಮೂರು ತಲೆಮಾರಿನ ಕತೆ ಇದರಲ್ಲಿಲ್ಲ. ‘ಚೋಮನ ದುಡಿ’ಯಲ್ಲಿರುವಂಥ ಎದೆ ಹಿಂಡುವ ಅನ್ಯಾಯವೂ ಇಲ್ಲ. ಒಬ್ಬ ಮುದುಕ, ಅವನ ಹೆಂಡತಿ, ಸುತ್ತ ಕಾಡು, ಕಣ್ಣೆದುರಿಗೆ ಕುಮಾರಪರ್ವತದ ಸಾಲು. ದಾರಿ ತಪ್ಪಿ ಬಂದ ಒಬ್ಬ ಅತಿಥಿ. ಕತೆ ಹೇಳುವವನೂ ಆ ಅತಿಥಿಯೇ. ಅಷ್ಟರಲ್ಲೇ ಪುಸ್ತಕ ಮುಗಿಯುತ್ತದೆ.

ಮೊದಲ ಸಲ ಓದಿದ್ದು ಕಾಲೇಜಿನಲ್ಲಿ. ಆಗ ಸುಮ್ನೆ ಚೆನ್ನಾಗಿದೆ ಅನ್ನಿಸಿತ್ತು, ಅದಕ್ಕಿಂತ ಜಾಸ್ತಿ ಏನಿಲ್ಲ. ಅದು ನನಗೆ ಅಂಟಿಕೊಂಡದ್ದು ಗೆಳತಿಯ ಪರಿಚಯವಾದ ಮೇಲೆ. ಅವಳ ಹೆಸರು ಇಲ್ಲಿ ಹಾಕಲ್ಲ. ಹಾಕಿದರೆ ಬೈಗುಳ ಗ್ಯಾರಂಟಿ. ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದಾಳೆ ಅಂದರೆ ಸಾಕು. ವರ್ಗ ಆದಲ್ಲೆಲ್ಲ ಕ್ವಾರ್ಟರ್ಸ್ ಸಿಗುತ್ತದೆ. ಕ್ವಾರ್ಟರ್ಸ್ ಅಂದರೆ ಗೋಡೆಗೆ ತೇವ, ಬಾಗಿಲಿಗೆ ಗೆದ್ದಲು, ಹಿಂದುಗಡೆ ಯಾರಿಗೂ ಬೇಡದ ಒಂದು ತುಂಡು ಜಾಗ. ಆ ಜಾಗ ನೋಡಿಯೇ ಅವಳು ಮನೆ ಒಪ್ಪಿಕೊಳ್ಳುತ್ತಾಳೆ.

ನಾನು ಮೊದಲ ಸಲ ಅವಳ ಮನೆಗೆ ಹೋದದ್ದು ಒಂದು ಪುಸ್ತಕ ವಾಪಸ್ ಕೊಡಲಿಕ್ಕೆ. ಬಾಗಿಲಲ್ಲೇ ಕೊಟ್ಟು ಬರುವುದು ಅಂದುಕೊಂಡಿದ್ದೆ. ಮರುದಿನ ಮಧ್ಯಾಹ್ನ ಅಲ್ಲಿಂದ ಹೊರಟೆ. ನಡುವೆ ಏನೇನಾಯಿತು ಅಂತ ಸರಿಯಾಗಿ ಹೇಳಲಿಕ್ಕೂ ಬರುವುದಿಲ್ಲ. ಸಂಜೆ ಹೊರಟಾಗ ಮಳೆ ಬರುತ್ತದೆ ಅಂದಳು. ಮಳೆ ಬರಲಿಲ್ಲ. ಆಮೇಲೆ ಬಸ್ಸು ಹೋಗಿರುತ್ತದೆ ಅಂದಳು. ಹಾಗೂ ಎದ್ದರೆ ಚಪ್ಪಲಿ ಇಲ್ಲ! ಒಳಗೆ ಎತ್ತಿಟ್ಟಿದ್ದಳು. ನಾಯಿ ಕಚ್ಚಿಕೊಂಡು ಹೋಗುತ್ತದೆ ಅನ್ನುವ ನೆಪ. ಆ ಬೀದಿಯಲ್ಲಿ ನಾಯಿಯನ್ನೇ ನಾನು ನೋಡಲಿಲ್ಲ.

ರಾತ್ರಿ ಮಲಗಿದಾಗ ಹೊಳೆಯಿತು. ಅರೆ, ಇದು ಗೋಪಾಲಯ್ಯನ ಕತೆ ಅಲ್ವಾ?

ಓದದವರಿಗೆ ಸ್ವಲ್ಪ ಹೇಳುತ್ತೇನೆ. ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ನಿರೂಪಕ ದಾರಿ ತಪ್ಪುತ್ತಾನೆ. ದೇರಣ್ಣ, ಬಟ್ಯ ಅಂತ ಇಬ್ಬರು ಹಳ್ಳಿಗರು ಸಿಗುತ್ತಾರೆ. ಅವರು ಅವನನ್ನು ಕೆಳಬೈಲಿನ ಗೋಪಾಲಯ್ಯನ ಮನೆಗೆ ಮುಟ್ಟಿಸುತ್ತಾರೆ. ಗುರುತಿಲ್ಲ, ಪರಿಚಯವಿಲ್ಲ, ಆದರೂ ಮುದುಕ ನೆಂಟನ ಹಾಗೆ ಉಪಚರಿಸುತ್ತಾನೆ. ಬಿಸಿನೀರು, ಊಟ, ಮಾತು, ಮತ್ತೆ ಮಾತು. ಇವತ್ತು ಬೇಡ, ನಾಳೆ ಹೋಗಿ ಅನ್ನುತ್ತಾನೆ. ಆ ನಾಳೆ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಬೆಟ್ಟ ತೋರಿಸುತ್ತಾನೆ, ತೋಟ ತೋರಿಸುತ್ತಾನೆ. ಕಾಡು ಕಡಿದು ತಾನು ಅಡಿಕೆ ಹಾಕಿದ ಕಾಟುಮೂಲೆಗೆ ಕರೆದುಕೊಂಡು ಹೋಗುತ್ತಾನೆ. ಎಲ್ಲದಕ್ಕೂ ಒಂದು ತಮಾಷೆ ಇದೆ ಅವನ ಬಳಿ. ಅತಿಥಿಯ ಎದುರೇ ಹೆಂಡತಿ ಶಂಕರಮ್ಮನನ್ನು ಛೇಡಿಸುತ್ತಾನೆ. ಅವಳೇನು ಸುಮ್ಮನಿರುವವಳಲ್ಲ. ಮುದುಕ ಮುದುಕಿಯ ಅಕ್ಕರೆಯನ್ನು ಇಷ್ಟು ಸಲೀಸಾಗಿ ಬರೆದ ಇನ್ನೊಂದು ಕನ್ನಡ ಕಾದಂಬರಿ ನನಗೆ ನೆನಪಾಗುತ್ತಿಲ್ಲ.

2011ರಲ್ಲಿ ಪಿ. ಶೇಷಾದ್ರಿ ಇದನ್ನು ಸಿನಿಮಾ ಮಾಡಿದರು. ಗೋಪಾಲಯ್ಯನಾಗಿ ದತ್ತಣ್ಣ. ಸಿನಿಮಾಕ್ಕೆ ಪರಿಸರ ಸಂರಕ್ಷಣೆಯ ವಿಭಾಗದಲ್ಲಿ ರಾಷ್ಟ್ರಪ್ರಶಸ್ತಿ ಬಂತು. ಕಾಡು ಕಡಿದು ತೋಟ ಎಬ್ಬಿಸಿದವನ ಕತೆಗೆ ಆ ಪ್ರಶಸ್ತಿ! ನನಗೆ ಆಗ ನಗು ಬಂದಿತ್ತು. ಆದರೂ ತಪ್ಪು ಅನ್ನಲಾರೆ. ಯಾವ ತೋಡಿನಲ್ಲಿ ಎಷ್ಟು ನೀರು, ಯಾವ ಮೂಲೆಗೆ ಎಷ್ಟು ಬಿಸಿಲು ಅಂತ ಗೊತ್ತಿರುವ ಮನುಷ್ಯ ಅವನು. ಆನೆ ಹುಲಿಗಳ ಜೊತೆ ಜಗಳ ಆಡಿಕೊಂಡೇ ಅಲ್ಲಿ ಬದುಕಿದವನು. ಬೆಟ್ಟವನ್ನು ಫೋಟೋಕ್ಕೆ ಹಿನ್ನೆಲೆ ಮಾಡಿಕೊಳ್ಳುವ ನಮಗಿಂತ ಅವನಿಗೇ ಅದು ಜಾಸ್ತಿ ಸೇರಿದ್ದು.

ಗೆಳತಿಯ ಕಾಟುಮೂಲೆ ಕ್ವಾರ್ಟರ್ಸಿನ ಹಿಂದಿನ ಜಾಗ. ನಾನು ನೋಡುವ ಹೊತ್ತಿಗೆ ಒಂದು ಕಡೆ ಬಾಳೆ, ಬೇಲಿಗೆ ನುಗ್ಗೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕೆಸು. ಸಲೈನ್ ಬಾಟಲಿಗಳನ್ನು ಅರ್ಧಕ್ಕೆ ಕತ್ತರಿಸಿ ಸಸಿ ಎಬ್ಬಿಸಿದ್ದಳು. ಪಕ್ಕದ ಮನೆಯವರು, ನಿಮ್ಮ ಸ್ವಂತ ಜಾಗವಾ ಇದು, ಯಾಕಿಷ್ಟು ಮೈಮುರಿಯುತ್ತೀರಿ ಅಂದರಂತೆ. ಅವರಿಗೆ ಒಂದು ಬಾಳೆಗೊನೆ ಕೊಟ್ಟು ಬಾಯಿ ಮುಚ್ಚಿಸಿದಳು.

ವರ್ಗ ಆದಾಗ ಅವಳು ಮಾಡುವ ಒಂದು ಕೆಲಸ ಇದೆ. ಮುಂದೆ ಆ ಮನೆಗೆ ಬರುವವರಿಗೆ ಒಂದು ಹಾಳೆ ಬರೆದು ಅಡುಗೆಮನೆಯ ಕಪಾಟಿನ ಒಳಬಾಗಿಲಿಗೆ ಅಂಟಿಸುತ್ತಾಳೆ. ಒಂದು ಸಲ ಸಾಮಾನು ಕಟ್ಟಲಿಕ್ಕೆ ಹೋದಾಗ ನಾನು ಅದನ್ನು ಓದಿದೆ. ಔಷಧಿ ಚೀಟಿ ಬರೆಯುವ ಗತ್ತಿನಲ್ಲೇ ಇತ್ತು. ‘ಬಾಳೆಬುಡದಲ್ಲಿ ಎರಡು ಕಂದು ಬಿಟ್ಟು ಉಳಿದದ್ದು ಕೀಳಿ. ನುಗ್ಗೆಗೆ ಮಳೆಗಾಲದಲ್ಲಿ ನೀರು ನಿಲ್ಲಬಾರದು. ಕೆಸುವಿಗೆ ಬಚ್ಚಲು ನೀರು ಸಾಕು, ಬೇರೆ ಹಾಕಬೇಡಿ. ಪೇರಳೆ ಈ ವರ್ಷ ಬಿಡುವುದಿಲ್ಲ, ಕಡಿಯಬೇಡಿ.’ ಕೊನೆಯ ಸಾಲಿನ ಕೆಳಗೆ ಕೆಂಪು ಪೆನ್ನಿನಲ್ಲಿ ಎರಡು ಗೆರೆ. ಯಾರು ಬರುತ್ತಾರೆ ಅಂತ ಅವಳಿಗೆ ಗೊತ್ತೂ ಇರಲಿಲ್ಲ.

ಕಾದಂಬರಿಯಲ್ಲೂ ಇಂಥದ್ದೊಂದು ಎಳೆ ಇದೆ. ಕಾಟುಮೂಲೆಯ ತೋಟ ನೋಡಿಕೊಂಡು ಅಲ್ಲೇ ಇರುವವನು ನಾರಾಯಣ. ಜೊತೆಗೆ ಹೆಂಡತಿ ಲಕ್ಷ್ಮಿ. ದುಡಿಯುವವನು ಅವನು, ಆದರೆ ಜಾಗ ಅವನದ್ದಲ್ಲ. ನಾಳೆ ಗೋಪಾಲಯ್ಯನ ಮಗ ಬಂದು ಕೇಳಿದರೆ ಏನು ಗತಿ ಅನ್ನುವ ಅಂಜಿಕೆ ಅವನಿಗೆ. ಬಿಟ್ಟು ಹೋಗುವ ಯೋಚನೆಯೂ ಇದೆ. ಮುದುಕನಿಗೆ ಅವನನ್ನು ಕಳೆದುಕೊಳ್ಳುವುದು ಬೇಡ. ಸ್ವಂತ ಮಗನ ಆಸೆಯನ್ನೂ ಬಿಡಲಾರ. ಈ ಇಕ್ಕಟ್ಟನ್ನು ಕಾರಂತರು ಎಷ್ಟು ಮೆಲ್ಲಗೆ ಬಿಡಿಸುತ್ತಾರೆ ಅಂದರೆ, ಮೊದಲ ಓದಿನಲ್ಲಿ ನನಗೆ ಅದು ಇಕ್ಕಟ್ಟು ಅಂತಲೇ ಗೊತ್ತಾಗಿರಲಿಲ್ಲ.

ಮಗನ ಹೆಸರು ಶಂಭು. ಮನೆ ಬಿಟ್ಟು ಹೋದವನು. ಇಡೀ ಪುಸ್ತಕದಲ್ಲಿ ಆ ಮನೆಯೊಳಗೆ ಅವನಿಲ್ಲ, ಆದರೂ ಆ ಮನೆಯ ತುಂಬ ಅವನೇ ಇದ್ದಾನೆ. ಎರಡನೇ ಸಲ ಓದುವಾಗ ನಾನು ಇದನ್ನೇ ಗಮನಿಸಿಕೊಂಡು ಹೋದೆ. ಗೋಪಾಲಯ್ಯನ ಅಷ್ಟೂ ಮಾತು, ಅಷ್ಟೂ ನಗು, ಅತಿಥಿಯನ್ನು ಬಿಡದ ಆ ಹಟ, ಎಲ್ಲವೂ ಬೇರೆ ಥರ ಕೇಳಿಸತೊಡಗಿತು. ಮಗನಿಲ್ಲದ ಮನೆಯಲ್ಲಿ ಒಬ್ಬ ಯುವಕ ಉಂಡು, ಮಾತಾಡಿ, ಮಲಗಿ ಏಳುತ್ತಿದ್ದಾನೆ. ಯಾವ ತಂದೆ ತಾನೇ ಅವನನ್ನು ಹೋಗು ಅಂದಾನು?

ಗೆಳತಿಗೆ ಒಬ್ಬ ತಮ್ಮ ಇದ್ದಾನೆ ಅನ್ನುವುದು ನನಗೆ ಬಹಳ ಕಾಲ ಗೊತ್ತಿರಲಿಲ್ಲ. ಗೋಡೆಯ ಮೇಲೊಂದು ಫೋಟೋ ಇತ್ತು. ಯಾರಿದು ಅಂತ ಕೇಳಿದರೆ ತಮ್ಮ ಅಂದಳು, ಅದೇ ಉಸಿರಿನಲ್ಲಿ ಶುಂಠಿಗೆ ಬರುವ ಕೊಳೆರೋಗದ ಬಗ್ಗೆ ಶುರುಮಾಡಿದಳು. ಬೀಜದ ಗೆಡ್ಡೆ ಆರಿಸುವಾಗಲೇ ನೋಡಬೇಕು, ಮಡಿಯಲ್ಲಿ ನೀರು ನಿಲ್ಲಬಾರದು, ಒಂದೇ ಜಾಗದಲ್ಲಿ ವರ್ಷವರ್ಷ ಶುಂಠಿ ಹಾಕಬಾರದು. ನಾನು ಶುಂಠಿ ಬೆಳೆಯುವವಳಲ್ಲ. ಇನ್ನೊಮ್ಮೆ ಕೇಳಿದೆ. ಆ ಸಲ ಗೊಬ್ಬರದ ಗುಂಡಿ. ಮೂರನೇ ಸಲ ಕೇಳುವ ಧೈರ್ಯ ಬರಲಿಲ್ಲ. ಅವಳ ಸಂಬಳ, ಡ್ಯೂಟಿ ಜಗಳ, ಮುರಿದುಹೋದ ಮದುವೆ ಮಾತುಕತೆ ಎಲ್ಲ ನನಗೆ ಗೊತ್ತು. ತಮ್ಮನ ವಿಷಯ ಮಾತ್ರ ಗೊತ್ತಿಲ್ಲ.

ಒಂದು ಸಲ ನನ್ನ ಚಿಕ್ಕಮ್ಮನಿಗೆ ಅದೇ ಆಸ್ಪತ್ರೆಯಲ್ಲಿ ಏನೋ ತಪಾಸಣೆ ಇತ್ತು. ನನಗೆ ರಜೆ ಸಿಗಲಿಲ್ಲ. ನೀವು ನನ್ನ ಗೆಳತಿಯ ಮನೆಯಲ್ಲಿ ಕೂತಿರಿ ಅಂತ ಕಳಿಸಿದೆ. ಚಿಕ್ಕಮ್ಮ ಮಿತಭಾಷಿ. ಬೇರೆಯವರ ಮನೆಯಲ್ಲಿ ನೀರು ಕೇಳಲೂ ಸಂಕೋಚ. ಸಂಜೆ ಫೋನ್ ಮಾಡಿ ಅಂದರು, ‘ಪಾಪ ಕಣೇ ಆ ಹುಡುಗಿ. ತಮ್ಮ ಹಾಗೆ ಮಾಡಬಾರದಿತ್ತು.’

ಏನು ಮಾಡಿದ ಅಂತ ನಾನು ಕೇಳಲಿಲ್ಲ. ಕೇಳದೆ ಇದ್ದದ್ದು ಸಭ್ಯತೆಯಿಂದಲ್ಲ, ಸಿಟ್ಟಿನಿಂದ. ನನಗೆ ಹೇಳದ್ದನ್ನು ಅವತ್ತು ಮೊದಲ ಸಲ ನೋಡಿದ ಹೆಂಗಸಿನ ಹತ್ತಿರ ಹೇಳಿಕೊಂಡಳಲ್ಲ! ಇಷ್ಟು ವರ್ಷದ ಸ್ನೇಹ ಏನಾಯಿತು ಹಾಗಾದರೆ? ಸ್ವಲ್ಪ ದಿನ ಅವಳ ಫೋನಿಗೆ ಚುಟುಕಾಗಿ ಉತ್ತರ ಕೊಟ್ಟೆ. ಅವಳಿಗೆ ಅದು ಗೊತ್ತಾಯಿತೋ ಇಲ್ಲವೋ. ನೈಟ್ ಶಿಫ್ಟ್ ಇರುವವರಿಗೆ ನಮ್ಮ ಮುನಿಸು ಕಾಣುವುದು ಕಷ್ಟ.

ಆ ದಿನಗಳಲ್ಲೇ ಪುಸ್ತಕವನ್ನು ಮತ್ತೆ ಎತ್ತಿಕೊಂಡೆ. ಗೋಪಾಲಯ್ಯನ ಸುತ್ತ ಜನ ಇದ್ದಾರೆ. ದೇರಣ್ಣ, ಬಟ್ಯ ಬಂದುಹೋಗುತ್ತಾರೆ. ನಾರಾಯಣ ಮಗನ ಹಾಗೇ ಇದ್ದಾನೆ. ಎದುರಿಗೆ ಕಟ್ಟಿಕೊಂಡ ಹೆಂಡತಿ. ಆದರೆ ಮುದುಕ ಬಾಯಿ ಬಿಡುವುದು ದಾರಿ ತಪ್ಪಿ ಬಂದವನ ಹತ್ತಿರ. ಶಂಕರಮ್ಮನೂ ಅಷ್ಟೇ. ಗಂಡನ ಎದುರು ಹೇಳಲಾಗದ್ದನ್ನು ಆ ಅತಿಥಿಯ ಮುಂದೆ ಹೇಳುತ್ತಾಳೆ. ಅವನು ಸಮಾಧಾನಕ್ಕಾದರೂ ಒಂದು ಮಾತು ಹೇಳಬಹುದು. ಆಮೇಲೆ ತನ್ನ ದಾರಿ ಹಿಡಿದು ಹೋಗುತ್ತಾನೆ. ನಾಳೆ ಬೆಳಗ್ಗೆ ಅದೇ ಕರುಣೆಯ ಮುಖ ಇಟ್ಟುಕೊಂಡು ಎದುರಿಗೆ ಕೂರುವುದಿಲ್ಲ. ದಿನಾ ನೋಡುವವರ ಹತ್ತಿರ ಹೇಳಿಬಿಟ್ಟರೆ ಆ ಸಂಕಟಕ್ಕೂ ದಿನಾ ಉತ್ತರ ಕೊಡಬೇಕು. ನಾನಾದರೆ ಬಿಡುತ್ತಿದ್ದೆನಾ? ವಾರಕ್ಕೊಮ್ಮೆ ಫೋನ್ ಮಾಡಿ ಕೇಳುತ್ತಿದ್ದೆ, ತಮ್ಮನ ಸುದ್ದಿ ಏನಾದರೂ ಬಂತಾ ಅಂತ. ನನ್ನ ಸ್ವಭಾವ ನನಗೆ ಗೊತ್ತಲ್ಲ.

ಸಿಟ್ಟು ಇಳಿಯಿತು. ಪೂರ್ತಿ ಇಳಿಯಿತು ಅಂದರೆ ಸುಳ್ಳು. ಚಿಕ್ಕಮ್ಮನ ಮೇಲೆ ಈಗಲೂ ಒಂದು ಚೂರು ಹೊಟ್ಟೆಕಿಚ್ಚಿದೆ.

ಕುಮಾರಪರ್ವತ ಹತ್ತಬೇಕು ಅಂತ ಹಟ ಹಿಡಿದವಳು ನಾನು. ಕಾದಂಬರಿಯ ಹುಚ್ಚು. 1,712 ಮೀಟರ್, ಕುಕ್ಕೆಯ ಕಡೆಯಿಂದ ಹತ್ತಿದರೆ ಉಸಿರು ಬಾಯಿಗೆ ಬರುತ್ತದೆ. ನಡುದಾರಿಯಲ್ಲಿ ಗಿರಿಗದ್ದೆ, ಅಲ್ಲಿ ಚಾರಣಿಗರಿಗೆ ಊಟ ಹಾಕುವ ಭಟ್ಟರ ಮನೆ. ಬೆಂಗಳೂರಿನಿಂದ ಬಂದ ಹುಡುಗರ ದಂಡು ಅಲ್ಲಿ ಅನ್ನ ಸಾರು ಬಡಿಸಿಕೊಂಡು ಅಂಗಳದಲ್ಲಿ ಉಣ್ಣುತ್ತಿತ್ತು. ಇಂಥ ಬೆಟ್ಟದಲ್ಲಿ ಇಷ್ಟು ಜನಕ್ಕೆ ಅಕ್ಕಿ ಹೊರುವುದು ಯಾರು ಅನ್ನುವುದು ಗೆಳತಿಯ ಮೊದಲ ಪ್ರಶ್ನೆ. ಬೆಟ್ಟದ ಚಂದ ಆಮೇಲೆ. ಅವಳು ತುದಿಯವರೆಗೆ ಬರಲೂ ಇಲ್ಲ. ಮೊಣಕಾಲು ನೋವು ಅಂತ ಅಲ್ಲೇ ಕೂತಳು. ನಾನು ಇಳಿದು ಬರುವಾಗ ಅವಳ ಚೀಲದಲ್ಲಿ ಯಾವುದೋ ಗೆಡ್ಡೆ ಇತ್ತು, ಮಣ್ಣಿನ ಸಮೇತ. ಯಾರು ಕೊಟ್ಟರು, ಏನು ಮಾತಾಡಿಕೊಂಡಳು ಅಂತ ನಾನು ಕೇಳಲಿಲ್ಲ.

ಇಷ್ಟೆಲ್ಲ ಆದ ಮೇಲೆ ಅವಳಿಗೆ ಪುಸ್ತಕ ಓದಿಸದೆ ಬಿಡುವುದುಂಟಾ? ಕೊಟ್ಟೆ. ಇದರಲ್ಲಿ ನೀನಿದ್ದೀಯ ಅಂತ ಹೇಳಿಯೇ ಕೊಟ್ಟೆ. ರಾತ್ರಿ ಡ್ಯೂಟಿಯಲ್ಲಿ ಓದಿದಳು. ಪುಸ್ತಕದ ಹೊದಿಕೆಗೆ ಟಿಂಚರ್ ಕಲೆ ಬಿದ್ದಿದೆ, ಆ ವಿಷಯ ಬೇರೆ ಮಾತಾಡೋಣ. ಮುಗಿಸಿದ ದಿನ ಫೋನ್ ಬಂತು. ಮಗನ ವಿಷಯ ಬರುತ್ತದೆ, ತಮ್ಮನ ವಿಷಯ ಬರುತ್ತದೆ ಅಂತ ನಾನು ಎದೆ ಗಟ್ಟಿ ಮಾಡಿಕೊಂಡು ಕೂತೆ.

‘ನನ್ನನ್ನ ಆ ಮುದುಕನಿಗೆ ಹೋಲಿಸ್ತೀಯಾ?’ ಅಂದಳು. ‘ಅತಿಥಿಯನ್ನ ನಿಲ್ಲಿಸಿಕೊಳ್ಳೋದು ಅವನು. ಒಲೆ ಮುಂದೆ ನಿಲ್ಲೋದು ಯಾರು? ಶಂಕರಮ್ಮನಿಗೆ ಒಂದು ದಿನ ರಜೆ ಇದೆಯಾ ಇಡೀ ಪುಸ್ತಕದಲ್ಲಿ? ನಾನು ಜನ ಸೇರಿಸಿದರೆ ನಾನೇ ಬೇಯಿಸಿ ಹಾಕ್ತೀನಿ.’

ಉತ್ತರ ಇರಲಿಲ್ಲ ನನ್ನ ಹತ್ತಿರ. ಎಷ್ಟು ಸಲ ಓದಿದರೂ ನಾನು ಮಾತಾಡುವವನ ಕಡೆಗೇ ನೋಡಿದ್ದೆ. ಅವಳು ಒಳಗೆ ಹೋಗಿ ಒಲೆ ನೋಡಿ ಬಂದಿದ್ದಳು. ಆ ವಯಸ್ಸಾದ ಹೆಂಗಸಿನ ಸೊಂಟ ಏನಾಗಿರಬೇಡ ಅಂತ ಇನ್ನೂ ಒಂದಷ್ಟು ಹೊತ್ತು ಮಾತಾಡಿದಳು. ನರ್ಸ್ ಅಲ್ವಾ. ಶಂಭುವಿನ ಹೆಸರು ಬರಲೇ ಇಲ್ಲ. ಪೇರಳೆ ಈ ವರ್ಷ ಬಿಟ್ಟಿದೆಯಂತೆ, ಹಳೆ ಕ್ವಾರ್ಟರ್ಸಿಗೆ ಬಂದವರು ಫೋನ್ ಮಾಡಿದ್ದರಂತೆ, ಅದು ಬಂತು.

ಈಗ ಅವಳ ಹತ್ತಿರ ‘ಮೂಕಜ್ಜಿಯ ಕನಸುಗಳು’ ಇದೆ. ಕಾರಂತರಿಗೆ ಜ್ಞಾನಪೀಠ ತಂದ ಪುಸ್ತಕ, ಇದರಲ್ಲಿ ಮಾತಾಡೋದು ಅಜ್ಜಿಯೇ ಅಂತ ಹೇಳಿ ಕೊಟ್ಟಿದ್ದೇನೆ. ತಗೊಳ್ಳುವಾಗಲೇ ತಾಕೀತು ಮಾಡಿದಳು: ಈ ಸಲ ನಾನು ಯಾರ ಹಾಗಿದ್ದೀನಿ ಅಂತ ಮೊದಲೇ ಹೇಳಬೇಡ, ಆ ಅಜ್ಜಿ ಅಂತೂ ಅಲ್ಲ.