ಮದ್ದಿಗೆ ಜಗ್ಗದ ಕೋಶ

ಮೊದಲ ಸುತ್ತಿನ ಕೀಮೋಗೆ ಕರಗಿದ ಕ್ಯಾನ್ಸರ್ ಗಡ್ಡೆ ಕೆಲವರಲ್ಲಿ ತಿಂಗಳುಗಳ ನಂತರ ಮತ್ತೆ ತಲೆಯೆತ್ತುತ್ತದೆ. ಆಗ ಅದೇ ಔಷಧಿ ನಾಟುವುದೇ ಇಲ್ಲ. ಯಾಕೆ ಹೀಗೆ ಅಂತ ಸಂಜೆಯೆಲ್ಲ ಓದುತ್ತಾ ಕೂತಿದ್ದೆ.

ಕೋಶದ ಪೊರೆಯಲ್ಲಿ ಪಿ-ಗ್ಲೈಕೊಪ್ರೋಟೀನ್ ಅಂತ ಒಂದು ಪ್ರೋಟೀನ್ ಇದೆ. ದೋಣಿಗೆ ನುಗ್ಗಿದ ನೀರನ್ನು ಮೊಗೆದು ಚೆಲ್ಲುವ ಹಾಗೆ, ಒಳಗೆ ಬಂದ ಔಷಧಿಯನ್ನು ಕೋಶದ ಇಂಧನವಾದ ಎಟಿಪಿ ಖರ್ಚು ಮಾಡಿ ಆಚೆ ಹಾಕುತ್ತದೆ. 1976ರಲ್ಲಿ ಜೂಲಿಯಾನೊ ಮತ್ತು ಲಿಂಗ್ ಎಂಬ ವಿಜ್ಞಾನಿಗಳು ಇದನ್ನು ಗುರುತಿಸಿದ್ದು ಹ್ಯಾಮ್‌ಸ್ಟರ್ ಅನ್ನುವ ಇಲಿಯಂಥ ಪ್ರಾಣಿಯ ಕೋಶಗಳಲ್ಲಿ. ಡಾಕ್ಸೊರುಬಿಸಿನ್, ವಿನ್‌ಕ್ರಿಸ್ಟಿನ್, ಪ್ಯಾಕ್ಲಿಟ್ಯಾಕ್ಸೆಲ್ ರಚನೆಯಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲದ ಮದ್ದುಗಳು, ಆದರೂ ಈ ಒಂದೇ ಪಂಪು ಮೂರನ್ನೂ ಹೊರಗಟ್ಟಬಲ್ಲದು. ಹಾಗಾಗಿ ಒಂದಕ್ಕೆ ಒಗ್ಗಿದ ಕೋಶ, ಇನ್ನೂ ಕೊಟ್ಟೇ ಇರದ ಮತ್ತೊಂದಕ್ಕೂ ಜಗ್ಗದೆ ನಿಲ್ಲಬಹುದು. ಇದನ್ನು ಓದಿ ನಿಜಕ್ಕೂ ಬೆಚ್ಚಿದೆ.

ಪಂಪನ್ನೇ ತಡೆದರಾಯಿತಲ್ಲ? ಆ ಪ್ರಯತ್ನವೂ ಆಗಿದೆ, ಹೆಚ್ಚು ಫಲ ಕೊಡಲಿಲ್ಲ. ಕರುಳು, ಪಿತ್ತಜನಕಾಂಗ, ಮಿದುಳಿನ ರಕ್ತನಾಳಗಳನ್ನು ವಿಷದಿಂದ ಕಾಯುತ್ತಿರುವುದೂ ಇದೇ ಪ್ರೋಟೀನ್; ಅದನ್ನು ತಡೆದರೆ ಆ ಕಾವಲೂ ಸಡಿಲವಾಗುತ್ತದೆ.

ಇನ್ನು ಕೆಲವು ಕೋಶಗಳು ಔಷಧಿ ಹಾಳುಮಾಡಿದ ಡಿಎನ್‌ಎಯನ್ನು ಬೇಗ ರಿಪೇರಿ ಮಾಡಿಕೊಳ್ಳುತ್ತವೆ, ಕೆಲವು ಸಾಯುವ ಸೂಚನೆಯನ್ನೇ ಕೇಳಿಸಿಕೊಳ್ಳುವುದಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಬೇರೆ. ಇಂಥ ಗಟ್ಟಿ ಕೋಶಗಳು ಎಷ್ಟೋ ಸಲ ಚಿಕಿತ್ಸೆಗೆ ಮೊದಲೇ ಗಡ್ಡೆಯೊಳಗೆ ಬೆರಳೆಣಿಕೆಯಷ್ಟಾದರೂ ಇರುತ್ತವೆ. ಔಷಧಿ ಉಳಿದವನ್ನು ಕೊಂದು ಇವಕ್ಕೆ ಜಾಗ ತೆರವು ಮಾಡಿಕೊಡುತ್ತದೆ. 'ನನ್ನ ಮೈಯೇ ಚಿಕಿತ್ಸೆಗೆ ಸ್ಪಂದಿಸಲಿಲ್ಲ' ಅಂತ ತಮ್ಮನ್ನೇ ಹಳಿದುಕೊಳ್ಳುವ ರೋಗಿಗಳಿಗೆ ಯಾರಾದರೂ ಇದನ್ನು ಬಿಡಿಸಿ ಹೇಳಬೇಕು. ಬೇರೆ ಬೇರೆ ದಾರಿಯಲ್ಲಿ ಕೊಲ್ಲುವ ಮದ್ದುಗಳನ್ನು ವೈದ್ಯರು ಒಟ್ಟಿಗೆ ಕೊಡುವುದಕ್ಕೂ ಇದೇ ಒಂದು ಮುಖ್ಯ ಕಾರಣ.