ಬಜೆಟ್‌ನಲ್ಲಿ ನೀರು ಎಲ್ಲಿದೆ?

ಫೋನ್ ಬಂದಾಗ ನನ್ನ ಎರಡೂ ಕೈ ಮಣ್ಣಾಗಿತ್ತು. ತೋಟದ ಮಡಿಗೆ ಗೊಬ್ಬರ ಸೇರಿಸುತ್ತಿದ್ದೆ. ಪಕ್ಕದ ಮಡಿಯಲ್ಲಿ ಕಳೆ ಕೀಳುತ್ತಿದ್ದ ಹುಡುಗಿಗೆ, "ಸ್ವಲ್ಪ ಎತ್ತಿ ಸ್ಪೀಕರ್‌ಗೆ ಹಾಕಮ್ಮ" ಅಂದೆ.

ಆ ಕಡೆಯಿಂದ ಒಬ್ಬ ಹೆಂಗಸಿನ ದನಿ. ನಾವು ಗ್ರಾಂಟ್, ಅಂದರೆ ಸಹಾಯಧನ, ಕೇಳಿ ಅರ್ಜಿ ಹಾಕಿದ್ದ ಫೌಂಡೇಶನ್‌ನವರು. "ನಿಮ್ಮ ಅರ್ಜಿ ಓದಿದೆ. ಚೆನ್ನಾಗಿ ಬರೆದಿದ್ದೀರಿ. ಒಂದು ವಿಷಯ ಕೇಳಬೇಕಿತ್ತು. ನೀರು ಎಲ್ಲಿದೆ?"

"ಗೇಟಿನ ಹತ್ತಿರ ನಲ್ಲಿ ಇದೆ ಮೇಡಂ" ಅಂದೆ.

"ಅದಲ್ಲ, ನಾನು ಕೇಳಿದ್ದು ಬಜೆಟ್‌ ಬಗ್ಗೆ. ಬೀಜ ಇದೆ, ಸಸಿ ಇದೆ, ಗುದ್ದಲಿ ಇದೆ, ಬೇಲಿ ಇದೆ, ಬೋರ್ಡ್ ಕೂಡ ಇದೆ. ನೀರಿನ ಖರ್ಚೇ ಇಲ್ಲ. ನೀರು ಹಾಕೋರು ಯಾರು ಅಂತಲೂ ಇಲ್ಲ. ನಾಳೆ ಸಂಜೆ ತನಕ ಟೈಮ್ ಇದೆ, ತಿದ್ದಿ ಕಳಿಸ್ತೀರಾ?"

ಆಯ್ತು ಅಂದೆ. ಫೋನ್ ಇಟ್ಟ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದೆ. ಅವರು ಕೇಳಿದ್ದು ಅಷ್ಟು ಸರಿಯಾದ ಪ್ರಶ್ನೆ. ಎರಡು ವರ್ಷ ತೋಟ ಮಾಡಿದ ನಮಗೆ ಅದು ಹೊಳೆದಿರಲಿಲ್ಲ.

ಆ ಫೋನ್ ಕರೆಯ ತನಕ ಬಂದ ದಾರಿ ಉದ್ದವಾಗಿತ್ತು. ನಮ್ಮದು ಚಿಕ್ಕ ಸಂಸ್ಥೆ. ಕಸ ಸುರಿಯುತ್ತಿದ್ದ ಒಂದು ಖಾಲಿ ಜಾಗವನ್ನು ಹತ್ತಾರು ಮನೆಯವರು ಸೇರಿ ತೋಟ ಮಾಡಿದ್ದೆವು. ಮಕ್ಕಳು ಬರ್ತಾರೆ, ವಯಸ್ಸಾದವರು ಬರ್ತಾರೆ, ಯಾರದ್ದೋ ಮಡಿಯಲ್ಲಿ ಬೆಳೆದದ್ದು ಇನ್ನ್ಯಾರದ್ದೋ ಅಡುಗೆ ಮನೆಗೆ ಹೋಗುತ್ತದೆ. ಖರ್ಚೆಲ್ಲ ನಮ್ಮ ನಮ್ಮ ಕೈಯಿಂದಲೇ. ಒಂದು ವರ್ಷ ಹೀಗೆ ನಡೆಯಿತು. ಆಮೇಲೆ ಕೈ ಖಾಲಿಯಾಯಿತು.

ಆಗ ನಾವು ಮಾಡಿದ ಮೊದಲ ಕೆಲಸ ದೊಡ್ಡ ದೊಡ್ಡ ಕಂಪನಿಗಳ ವಿಳಾಸ ಕಲೆಹಾಕಿದ್ದು. ಒಂದೇ ಪತ್ರ ಬರೆದು, ಮೇಲೆ ಹೆಸರು ಮಾತ್ರ ಬದಲಿಸಿ, 43 ಕಡೆ ಕಳಿಸಿದೆವು. ಉತ್ತರ ಬಂದದ್ದು ಎರಡು. ಎರಡರಲ್ಲೂ "ಆಗುವುದಿಲ್ಲ" ಅಂತಲೇ ಇತ್ತು. ಆ ಎರಡು ಪತ್ರ ಬರೆದವರ ಮೇಲೆ ನನಗೆ ಇವತ್ತಿಗೂ ಗೌರವ ಇದೆ. ಉಳಿದವರ ಹಾಗೆ ಅವರೂ ಸುಮ್ಮನಿರಬಹುದಿತ್ತು.

ತಪ್ಪು ಎಲ್ಲಿ ಆಯಿತು ಅಂತ ತೋರಿಸಿದವರು ನಮ್ಮ ಮೇಷ್ಟ್ರು. ಪಾಠ ಹೇಳುವ ಮೇಷ್ಟ್ರಲ್ಲ, ಲೆಕ್ಕ ಬರೆದೇ ರಿಟೈರ್ ಆದವರು. ಆದರೂ ತೋಟದಲ್ಲಿ ಎಲ್ಲರಿಗೂ ಮೇಷ್ಟ್ರೇ. "ದುಡ್ಡು ಯಾರ ಹತ್ರ ಇದೆ ಅಂತ ನೋಡಿದ್ರಿ. ಅದು ಎಲ್ಲಿಗೆ ಹೋಗಿದೆ ಅಂತ ನೋಡಲಿಲ್ಲ" ಅಂದರು. "ಕೊಟ್ಟ ದುಡ್ಡಿನ ಲೆಕ್ಕ ಎಲ್ಲೋ ಒಂದು ಕಡೆ ಬರೆದಿರುತ್ತೆ. ಅದನ್ನ ಓದೋಣ ಬನ್ನಿ."

ಮಾರನೇ ಭಾನುವಾರ ಅವರ ಮನೆಯ ಟೇಬಲ್ಲಿನ ಮೇಲೆ ಪ್ರಿಂಟ್‌ಔಟ್‌ಗಳ ರಾಶಿ. ಅಮೆರಿಕದ ಖಾಸಗಿ ಫೌಂಡೇಶನ್‌ಗಳು ಪ್ರತಿ ವರ್ಷ ತೆರಿಗೆ ಇಲಾಖೆಗೆ 990-ಪಿಎಫ್ ಅಂತ ಒಂದು ಫಾರ್ಮ್ ಕೊಡಬೇಕು. ಅದು ಯಾರು ಬೇಕಾದರೂ ನೋಡಬಹುದಾದ ದಾಖಲೆ. ಆ ವರ್ಷ ಯಾವ ಸಂಸ್ಥೆಗೆ, ಯಾವ ಕೆಲಸಕ್ಕೆ, ಎಷ್ಟು ಕೊಟ್ಟರು, ಸಾಲಾಗಿ ಎಲ್ಲ ಇರುತ್ತದೆ. ಇಂಡಿಯಾದಲ್ಲಿ ದಾರಿ ಬೇರೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ಒಂದು ಮಟ್ಟಕ್ಕಿಂತ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಕನಿಷ್ಠ 2% ಹಣವನ್ನು ಸಿಎಸ್‌ಆರ್, ಅಂದರೆ ಕಂಪನಿಯ ಸಾಮಾಜಿಕ ಹೊಣೆಗಾರಿಕೆಯ ಕೆಲಸಕ್ಕೆ ಖರ್ಚು ಮಾಡಬೇಕು. ಬೋರ್ಡ್ ಒಪ್ಪಿದ ಯೋಜನೆಗಳನ್ನು ಕಂಪನಿ ತನ್ನ ವೆಬ್‌ಸೈಟ್‌ನಲ್ಲಿ ಹಾಕಬೇಕು. ಅದೇ ಸೆಕ್ಷನ್‌ನಲ್ಲಿ ಇನ್ನೊಂದು ಮಾತಿದೆ. ಕಂಪನಿ ತಾನು ಕೆಲಸ ಮಾಡುವ ಸುತ್ತಮುತ್ತಲ ಜಾಗಕ್ಕೆ ಆದ್ಯತೆ ಕೊಡಬೇಕು. ಈ ಸಾಲಿನ ಕೆಳಗೆ ಮೇಷ್ಟ್ರು ಕೆಂಪು ಪೆನ್ನಲ್ಲಿ ಎರಡು ಗೆರೆ ಎಳೆದರು. ದೇಶ ಯಾವುದೇ ಇರಲಿ, ಕಂಪನಿಗಳು ಮೊದಲು ನೋಡುವುದು ತಮ್ಮ ಫ್ಯಾಕ್ಟರಿ, ತಮ್ಮ ಆಫೀಸು, ತಮ್ಮ ಕೆಲಸಗಾರರ ಮನೆ ಇರುವ ಕಡೆಯನ್ನೇ. ನಮ್ಮ 43 ಪತ್ರಗಳಲ್ಲಿ ಎಷ್ಟು ನಮ್ಮ ಹತ್ತಿರದಲ್ಲಿ ಕೆಲಸವೇ ಇಲ್ಲದ ಕಂಪನಿಗಳಿಗೆ ಹೋಗಿದ್ದವೋ!

ಅದಕ್ಕಿಂತ ಜಾಸ್ತಿ ಬೇಜಾರಾದದ್ದು ಆ ಅಮೆರಿಕದ ಫಾರ್ಮಿನಲ್ಲಿದ್ದ ಒಂದು ಚಿಕ್ಕ ಚೌಕ ನೋಡಿ. "ನಾವು ಮೊದಲೇ ಆರಿಸಿಕೊಂಡ ಸಂಸ್ಥೆಗಳಿಗೆ ಮಾತ್ರ ಕೊಡುತ್ತೇವೆ, ಕೇಳದೆ ಬಂದ ಅರ್ಜಿ ತೆಗೆದುಕೊಳ್ಳುವುದಿಲ್ಲ" ಅನ್ನುವ ಫೌಂಡೇಶನ್‌ಗಳು ಆ ಚೌಕದಲ್ಲಿ ಗುರುತು ಹಾಕಿರುತ್ತವೆ. ಮೇಷ್ಟ್ರ ರಾಶಿಯಲ್ಲಿ ಇಂಥ ಗುರುತು ಬಹಳ ಇದ್ದವು. ಅಂಥವರಿಗೆ ಎಷ್ಟು ಚೆನ್ನಾಗಿ ಬರೆದರೂ ಅಷ್ಟೇ. ಯಾವ ದೇಶದಲ್ಲಾದರೂ ಪತ್ರ ಬರೆಯುವ ಮೊದಲು "ಇವರು ಅರ್ಜಿ ತಗೋತಾರಾ?" ಅಂತ ಕೇಳಿಕೊಳ್ಳಬೇಕು ಅನ್ನುವುದನ್ನು ನಾನು ಆ ಚೌಕದಿಂದ ಕಲಿತೆ.

ಈ ಲೆಕ್ಕವೆಲ್ಲ ಹೊರಗೆ ಬಂದದ್ದು ತಾನಾಗಿ ಅಲ್ಲ. ಕಾರ್ನೆಗಿ ಕಾರ್ಪೊರೇಷನ್ ಅನ್ನುವ ದೊಡ್ಡ ಫೌಂಡೇಶನ್‌ನ ಅಧ್ಯಕ್ಷರಾಗಿದ್ದ ರಸೆಲ್ ಲೆಫಿಂಗ್‌ವೆಲ್ 1952ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ, ಫೌಂಡೇಶನ್‌ಗಳ ಜೇಬು ಗಾಜಿನದಾಗಿರಬೇಕು ಅಂದರು. ಒಳಗೆ ಏನಿದೆ ಅಂತ ಹೊರಗಿನವರಿಗೆ ಕಾಣಬೇಕು ಅಂತ. ನಾಲ್ಕು ವರ್ಷದ ನಂತರ, 1956ರಲ್ಲಿ, ಇಂಥ ಮಾಹಿತಿ ಕೂಡಿಡಲೆಂದೇ ಫೌಂಡೇಶನ್ ಸೆಂಟರ್ ಶುರುವಾಯಿತು. 2019ರಲ್ಲಿ ಅದು ಸೇವಾ ಸಂಸ್ಥೆಗಳ ಮಾಹಿತಿ ಕೊಡುತ್ತಿದ್ದ ಗೈಡ್‌ಸ್ಟಾರ್ ಜೊತೆ ಸೇರಿ ಕ್ಯಾಂಡಿಡ್ ಅನ್ನುವ ಒಂದೇ ಸಂಸ್ಥೆ ಆಯಿತು. ಗಾಜಿನ ಜೇಬು ಅನ್ನುವ ಮಾತು ನನಗೆ ತುಂಬಾ ಹಿಡಿಸಿತು. ಆದರೆ ಜೇಬು ಗಾಜಿನದಾದರೆ ಸಾಕಾ? ಹತ್ತಿರ ಹೋಗಿ ಇಣುಕಿ ನೋಡುವವರೂ ಬೇಕಲ್ವಾ?

ಅವತ್ತಿಂದ ನಾವು ಪಟ್ಟಿ ಓದುವುದನ್ನು ಕಲಿತೆವು. ಒಬ್ಬೊಬ್ಬರದ್ದೂ ಮೂರು ವರ್ಷದ ಪಟ್ಟಿ. ಚಿಕ್ಕ ಸಂಸ್ಥೆಗಳಿಗೆ ಕೊಟ್ಟಿದ್ದಾರಾ? ಮೊದಲ ಸಲ ಕೇಳಿದವರಿಗೆ ಎಷ್ಟು ಕೊಡುತ್ತಾರೆ? ತಮ್ಮ ಕೆಲಸವನ್ನು ಯಾವ ಮಾತಿನಲ್ಲಿ ಹೇಳಿಕೊಳ್ಳುತ್ತಾರೆ? "ತೋಟ" ಅನ್ನುವ ಪದವೊಂದನ್ನೇ ಹುಡುಕಿದರೆ ಸಿಗುವುದು ಕಡಿಮೆ. ತೋಟಕ್ಕೇ ಅಂತ ಕೊಡುವವರು ಇಲ್ಲ ಅಂತಲ್ಲ. ಕಿಡ್ಸ್‌ಗಾರ್ಡನಿಂಗ್ ಅನ್ನುವ ಅಮೆರಿಕದ ಸಂಸ್ಥೆ 1982ರಿಂದ ಮಕ್ಕಳ ತೋಟಗಳಿಗೆ ಗ್ರಾಂಟ್ ಕೊಡುತ್ತಾ ಬಂದಿದೆ. ಆದರೆ ಹೆಚ್ಚಿನ ಕಡೆ ತೋಟದ ದುಡ್ಡು ಬೇರೆ ಹೆಸರಲ್ಲಿ ಕೂತಿರುತ್ತದೆ. ಮಕ್ಕಳ ಆರೋಗ್ಯ, ಪೌಷ್ಟಿಕ ಆಹಾರ, ಪರಿಸರ, ಹಿರಿಯರ ಒಂಟಿತನ, ಮಳೆನೀರು. ನಮ್ಮ ತೋಟದಲ್ಲಿ ಇವೆಲ್ಲ ನಿಜವಾಗಿಯೂ ಇತ್ತು. ನಾವು ಮಾತ್ರ ಅದನ್ನು ಹೇಳಿಕೊಂಡಿರಲಿಲ್ಲ.

ಒಂದು ರಾತ್ರಿ ಹೀಗೆ ಓದುತ್ತಾ ಇದ್ದಾಗ ಒಂದು ಸಾಲು ಸಿಕ್ಕಿತು. "ಶಾಲಾ ತೋಟದ ಮಣ್ಣು ಮತ್ತು ಸಸಿ." ಪಕ್ಕದಲ್ಲಿ ಚಿಕ್ಕ ಮೊತ್ತ. ಕೊಟ್ಟವರು ನಮ್ಮ ಭಾಗದಲ್ಲೇ ಇರುವ ಒಂದು ಸಮುದಾಯ ಫೌಂಡೇಶನ್. ಒಬ್ಬ ಸಾಹುಕಾರ, ಒಂದು ಕಂಪನಿ ಅಂತಿಲ್ಲದೆ, ಒಂದು ಊರಿನ ನೂರಾರು ಜನ ಹಾಕಿದ ಹಣವನ್ನು ಅದೇ ಊರಿನ ಕೆಲಸಕ್ಕೆ ಕೊಡುವ ಏರ್ಪಾಡು ಇದು. 1914ರಲ್ಲಿ ಫ್ರೆಡರಿಕ್ ಗಾಫ್ ಅನ್ನುವ ಬ್ಯಾಂಕಿನವರು ಕ್ಲೀವ್‌ಲ್ಯಾಂಡ್‌ನಲ್ಲಿ ಇಂಥದ್ದನ್ನು ಮೊದಲು ಕಟ್ಟಿದರು. ಚಿಕ್ಕ ಸಂಸ್ಥೆಗಳು ಮೊದಲು ಬಾಗಿಲು ತಟ್ಟಬೇಕಾದದ್ದು ಇಲ್ಲೇ ಅಂತ ಈಗ ಯಾರು ಕೇಳಿದರೂ ಹೇಳುತ್ತೇನೆ. ಅವರಿಗೆ ನಿಮ್ಮ ರಸ್ತೆ ಗೊತ್ತಿರುತ್ತದೆ. ಮಣ್ಣಿಗೆ ಕೊಟ್ಟವರು ನಮ್ಮ ಮಾತೂ ಕೇಳಿಯಾರು ಅನ್ನಿಸಿತು. ಈ ಸಲ 43 ಪತ್ರ ಬರೆಯಲಿಲ್ಲ. ಒಂದೇ ಬರೆದೆವು.

ಬೇಕಾದ ಕಾಗದಗಳು ಹೇಗೋ ಕೂಡಿಬಂದವು. ನೋಂದಣಿ, ಆಡಿಟ್ ಆದ ಲೆಕ್ಕ, ಸಮಿತಿಯವರ ಪಟ್ಟಿ. ಜಾಗದವರ ಒಪ್ಪಿಗೆ ಪತ್ರಕ್ಕೆ ಮಾತ್ರ ಓಡಾಟ ಆಯಿತು. ನಾಳೆ ಖಾಲಿ ಮಾಡಿ ಅನ್ನಬಹುದಾದ ಜಾಗದ ಮೇಲೆ ಯಾರೂ ದುಡ್ಡು ಹಾಕುವುದಿಲ್ಲ. ಐದು ವರ್ಷಕ್ಕೆ ಬರೆಸಿಕೊಂಡೆವು. ಅಷ್ಟೆಲ್ಲ ಮಾಡಿ ಅರ್ಜಿ ಕಳಿಸಿದ ಮೇಲೆ ಆ ಫೋನ್ ಬಂದದ್ದು.

ಅವತ್ತು ಸಂಜೆ ಮೇಷ್ಟ್ರು, ನಾನು, ಅಕ್ಕ ಮೂರೂ ಜನ ತೋಟದ ಕಟ್ಟೆಯ ಮೇಲೆ ಕೂತೆವು. ತೋಟ ಶುರುವಾದ ದಿನದಿಂದ ನೀರು ಹಾಕುವವರು ಅಕ್ಕ. ಯಾರೂ ಹೇಳಿದ್ದಲ್ಲ, ಯಾರೂ ಕೇಳಿದ್ದಲ್ಲ. ಬೆಳಕು ಹರಿಯುವ ಹೊತ್ತಿಗೆ ಬಂದು ಪೈಪ್ ಎಳೆಯುತ್ತಾರೆ. ನಾವು ಬರುವಷ್ಟರಲ್ಲಿ ಮಣ್ಣು ಒದ್ದೆಯಾಗಿರುತ್ತದೆ. ಅದು ತಾನಾಗೇ ಒದ್ದೆಯಾಗುತ್ತದೆ ಅನ್ನುವ ಹಾಗೆ ನಾವೆಲ್ಲ ಇದ್ದುಬಿಟ್ಟಿದ್ದೆವು.

"ದಿನಕ್ಕೆ ಎಷ್ಟು ಹೊತ್ತು ಆಗುತ್ತೆ ಅಕ್ಕಾ?" ಅಂತ ಕೇಳಿದೆ.

"ಒಂದೂವರೆ ಗಂಟೆ ಇರಬಹುದು. ಬೇಸಿಗೆಯಲ್ಲಿ ಸಂಜೆ ಇನ್ನೊಂದು ಸಲ. ನನ್ನದೇನು ಲೆಕ್ಕ, ಬಿಡಿ."

ಮೇಷ್ಟ್ರು ಬಿಡಲಿಲ್ಲ. ಮಳೆ ಬಂದ ದಿನ ಕಳೆದು ವರ್ಷಕ್ಕೆ 240 ದಿನ. ಒಂದೂವರೆ ಗಂಟೆಯಂತೆ 360 ಗಂಟೆ. ಬೇಸಿಗೆಯ 90 ದಿನದ ಸಂಜೆಗಳು ಇನ್ನೊಂದು 135. ಒಟ್ಟು 495 ಅಂತ ಬರೆದು ಪೆನ್ನು ಕೆಳಗಿಟ್ಟರು. ನಮ್ಮ ಬಜೆಟ್ ಹಾಳೆಯಲ್ಲಿ ಆ ಕೆಲಸಕ್ಕೆ ಒಂದು ಸಾಲೂ ಇರಲಿಲ್ಲ. ಗೇಟಿನ ಬೋರ್ಡಿಗೆ ಇತ್ತು.

ಅಕ್ಕ ಹಾಳೆ ತೆಗೆದುಕೊಂಡು ಆ ಅಂಕಿಯ ಮೇಲೆ ಬೆರಳಿಟ್ಟರು. "ಇಷ್ಟಾ?" ಅಂದರು. ಆಮೇಲೆ ಮೆಲ್ಲಗೆ, "ನನಗೆ ಜ್ವರ ಬಂದ ವಾರ ನೆನಪಿದೆಯಾ?" ಅಂದರು. ನೆನಪಿತ್ತು. ಆ ವಾರ ಮಕ್ಕಳು ನೆಟ್ಟ ಸಸಿಗಳೆಲ್ಲ ಒಣಗಿ ಹೋಗಿದ್ದವು. ಬಿಸಿಲು ಜಾಸ್ತಿ ಆಯ್ತು ಅಂತ ನಾವು ಮಾತಾಡಿಕೊಂಡಿದ್ದೆವು.

ಬಜೆಟ್ ಪೂರ್ತಿ ಹೊಸದಾಗಿ ಬರೆದೆವು. ನೀರಿನ ಬಿಲ್. ಹನಿ ನೀರಾವರಿಯ ಪೈಪು. ಎರಡು ಡ್ರಮ್ಮು. ವಾಲಂಟಿಯರ್‌ಗಳ ದುಡಿಮೆಯ ಗಂಟೆಗಳನ್ನು ನಮ್ಮ ಕಡೆಯ ಪಾಲು ಅಂತ ತೋರಿಸಿದೆವು. ನಾವು ಏನು ಹಾಕುತ್ತಿದ್ದೇವೆ ಅಂತ ಕೊಡುವವರಿಗೂ ತಿಳಿಯಬೇಕು. ಕೊನೆಗೆ ಉಳಿದದ್ದು ಅಕ್ಕನ ಸಂಬಳ. ಇದಕ್ಕೆ ನನಗೆ ಹೆದರಿಕೆ ಇತ್ತು. ಬಹಳ ಕಡೆ ಸಾಮಾನಿಗೆ ಕೊಡುತ್ತಾರೆ, ಜನಕ್ಕೆ ಕೊಡುವುದಿಲ್ಲ. ಗುದ್ದಲಿಯ ಫೋಟೊ ತೆಗೆಯಬಹುದು, ಬೆಳಗಿನ ಒಂದೂವರೆ ಗಂಟೆಯ ಫೋಟೊ ಹೇಗೆ ತೆಗೆಯುವುದು? ಸಂಬಳ ಅಂತ ಕೇಳಿ ಇದ್ದದ್ದೂ ಕೈ ತಪ್ಪಿದರೆ?

"ಅವರೇ ಕೇಳಿದ್ದಾರೆ. ಇದ್ದದ್ದು ಇದ್ದ ಹಾಗೆ ಬರೀರಿ" ಅಂದರು ಮೇಷ್ಟ್ರು. ದಿನಕ್ಕೆ ಎರಡು ಗಂಟೆಯ ಕೂಲಿ ಅಂತ ಬರೆದೆವು. ಅಕ್ಕ ಬೇಡ ಅನ್ನಲಿಲ್ಲ. ನನಗೆ ಅದೇ ದೊಡ್ಡ ಸಮಾಧಾನ.

ಅಷ್ಟು ಹೊತ್ತಿಗೆ ಕತ್ತಲಾಗಿತ್ತು. ಏಳುವ ಮುಂಚೆ ಮೇಷ್ಟ್ರು ಒಂದು ಸಂಗತಿ ಹೇಳಿದರು. 1893ರಲ್ಲಿ ಅಮೆರಿಕದಲ್ಲಿ ಬ್ಯಾಂಕುಗಳು ಮುಳುಗಿ ಜನ ಕೆಲಸ ಕಳೆದುಕೊಂಡಾಗ, ಡೆಟ್ರಾಯಿಟ್‌ನ ಮೇಯರ್ ಹೇಜನ್ ಪಿಂಗ್ರೀ ಊರಿನ ಖಾಲಿ ಜಾಗಗಳನ್ನು ಬಡವರಿಗೆ ಆಲೂಗಡ್ಡೆ ಬೆಳೆಯಲು ಬಿಟ್ಟುಕೊಡಿಸಿದರು. 1894ರಲ್ಲಿ. ಬೀಜ, ಸಲಕರಣೆಗೆ ದುಡ್ಡು ಬೇಕಿತ್ತು. ಚರ್ಚುಗಳನ್ನು ಕೇಳಿದರು, ಬಂದದ್ದು ಅಲ್ಪ. ಕೊನೆಗೆ ತಮ್ಮ ಸ್ವಂತ ಕುದುರೆಯನ್ನೇ ಹರಾಜು ಹಾಕಿದರು. ಒಂದು ಊರಿನ ಮೇಯರ್‌ಗೇ ತೋಟಕ್ಕೆ ಹಣ ಕೂಡಿಸುವುದು ಅಷ್ಟು ಕಷ್ಟ ಆಗಿತ್ತು ಅಂತ ಕೇಳಿದಾಗ ನನಗೆ ಯಾಕೋ ಧೈರ್ಯ ಬಂತು.

ಮಾರನೇ ದಿನ ಸಂಜೆ 4.40ಕ್ಕೆ ಕಳಿಸಿದೆವು. ಏಳು ವಾರ ಆದ ಮೇಲೆ ಪತ್ರ ಬಂತು. ಕೇಳಿದ್ದರಲ್ಲಿ ಮುಕ್ಕಾಲು ಪಾಲು ಕೊಟ್ಟಿದ್ದರು. ಬೇಲಿಗೆ ಇಲ್ಲ, ಬೋರ್ಡಿಗೂ ಇಲ್ಲ. ನೀರಿಗೆ, ಪೈಪಿಗೆ, ಅಕ್ಕನ ಕೂಲಿಗೆ ಪೂರ್ತಿ ಕೊಟ್ಟಿದ್ದರು. ಬೇಲಿಯನ್ನು ಹಳೇ ಮರದ ಪಟ್ಟಿಗಳಲ್ಲಿ ನಾವೇ ಹೊಡೆದುಕೊಂಡೆವು.

ಆರು ತಿಂಗಳಿಗೊಂದು ರಿಪೋರ್ಟ್ ಕೊಡಬೇಕು ಅಂತ ಷರತ್ತು. ಅದಕ್ಕೆ ಅಕ್ಕ ನಲ್ಲಿಯ ಹತ್ತಿರ ಒಂದು ನೋಟ್‌ಬುಕ್ ಇಟ್ಟಿದ್ದಾರೆ. ನೆನೆಯದಿರಲಿ ಅಂತ ಪ್ಲಾಸ್ಟಿಕ್ ಕವರಿನಲ್ಲಿ. ದಿನ, ಗಂಟೆ, ಯಾವ ಮಡಿ, ನೀರಿನ ರಭಸ ಹೇಗಿತ್ತು. ಕಳೆದ ತಿಂಗಳು ಆ ಫೌಂಡೇಶನ್‌ನ ಮೇಡಂ ತೋಟ ನೋಡಲು ಬಂದಿದ್ದರು. ನಾನು ಮಡಿಗಳನ್ನು ತೋರಿಸಲು ಹೊರಟರೆ ಅವರು ನಲ್ಲಿಯ ಹತ್ತಿರವೇ ನಿಂತು ಆ ನೋಟ್‌ಬುಕ್ಕನ್ನು ಹಾಳೆ ಹಾಳೆಯಾಗಿ ಓದಿದರು. "ಇಲ್ಲಿ ಒಂಬತ್ತು ದಿನ ನೀರು ಸಣ್ಣಗೆ ಬಂತು ಅಂತ ಬರೆದಿದ್ದೀರಲ್ಲ?" ಅಂತ ಅಕ್ಕನನ್ನು ಕೇಳಿದರು.

"ಹೌದಮ್ಮ. ಆ ದಿನಗಳಲ್ಲಿ ಮೂರು ಗಂಟೆ ಹಿಡೀತು. ಒಂದು ಟ್ಯಾಂಕ್ ಇದ್ದಿದ್ದರೆ ರಾತ್ರಿ ತುಂಬಿಸಿ ಇಡಬಹುದಿತ್ತು."

ಮೇಡಂ ಆ ಹಾಳೆಯ ಫೋಟೊ ತೆಗೆದುಕೊಂಡರು. ಮುಂದಿನ ಸುತ್ತಿನ ಅರ್ಜಿಗೆ ಕೊನೇ ದಿನ ಯಾವುದು ಅಂತ ಹೇಳಿ ಹೋದರು. ಟ್ಯಾಂಕ್ ಇಡುವ ಜಾಗದ ಅಳತೆ ಈ ಭಾನುವಾರ ತೆಗೆಯಬೇಕು. ಟೇಪ್ ತರುತ್ತೇನೆ ಅಂತ ಮೇಷ್ಟ್ರು ಹೇಳಿದ್ದಾರೆ.