ಭಾರ ಇದ್ದರೆ ಬೇಗ ಜಾರುತ್ತದೆಯೇ?

2026 ಜನವರಿ 21, ಬುಧವಾರ, ರಾತ್ರಿ

“ಭಾರದ್ದೂ ಹಗುರದ್ದೂ ಒಟ್ಟಿಗೇ ಬೀಳುತ್ತವೆ ಅಂದ್ರಲ್ಲ, ಹಾಗಾದ್ರೆ ಲ್ಯೂಜ್‌ನಲ್ಲಿ ತೂಕ ಕಡಿಮೆ ಇರೋರು ಮೈಗೆ ಸೀಸ ಕಟ್ಕೊಳ್ಳೋದು ಯಾಕೆ?” ಹಿಂದಿನ ಬೆಂಚಿನಿಂದ ಬಂದ ಪ್ರಶ್ನೆ. ಲ್ಯೂಜ್ ಅಂದರೆ ಸ್ಲೆಡ್ ಎಂಬ ಪುಟ್ಟ ಜಾರುಬಂಡಿಯ ಮೇಲೆ ಅಂಗಾತ ಮಲಗಿ ಮಂಜಿನ ಇಳಿಜಾರಿನಲ್ಲಿ ಜಾರುವ ಆಟ. ಗಂಟೆ ಹೊಡೆಯಿತು, ಪ್ರಶ್ನೆ ಉಳಿಯಿತು.

ಇಳಿಜಾರಿನಲ್ಲಿ ಗುರುತ್ವ ಎಳೆಯುವುದು ದ್ರವ್ಯರಾಶಿಗೆ ತಕ್ಕಂತೆ. ಮಂಜಿನ ಘರ್ಷಣೆ ತಡೆಯುವುದೂ ಹೆಚ್ಚುಕಡಿಮೆ ಹಾಗೆಯೇ. ವೇಗೋತ್ಕರ್ಷಕ್ಕಾಗಿ ಭಾಗಿಸಿದಾಗ ದ್ರವ್ಯರಾಶಿ ಎರಡರಲ್ಲೂ ಹೊಡೆದುಹೋಗುತ್ತದೆ, ಪಾಠ ಅಲ್ಲಿಗೇ ನಿಲ್ಲುತ್ತದೆ. ಆದರೆ ಗಾಳಿಗೆ ಯಾರ ತೂಕದ ಗೊಡವೆಯೂ ಇಲ್ಲ. ಅದು ನೋಡುವುದು ಎದುರಿಗಿರುವ ಆಕಾರ ಮತ್ತು ವೇಗ. ವೇಗ ಇಮ್ಮಡಿಯಾದರೆ ತಡೆ ನಾಲ್ಮಡಿ. ಗಂಟೆಗೆ 130 ಕಿ.ಮೀ. ವೇಗದಲ್ಲಿ ಆ ತಡೆ 40 ನ್ಯೂಟನ್ ಎಂದಿಟ್ಟುಕೊಳ್ಳೋಣ. ಸ್ಲೆಡ್ ಸೇರಿ 100 ಕೆ.ಜಿ. ಇದ್ದರೆ ವೇಗೋತ್ಕರ್ಷದಲ್ಲಿ 0.40 ಮೀ/ಸೆ² ಖೋತಾ, 120 ಕೆ.ಜಿ. ಇದ್ದರೆ 0.33. ಸೆಕೆಂಡಿನ ಸಾವಿರದ ಒಂದಂಶವನ್ನೂ ಲೆಕ್ಕಕ್ಕೆ ಹಿಡಿಯುವ ಆಟದಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ. ಬಂಡಿಯೊಳಗೆ ಕೂತು ಜಾರುವ ಬಾಬ್‌ಸ್ಲೆಡ್‌ನಲ್ಲಂತೂ ನಾಲ್ವರ ಬಂಡಿಗೆ ಸವಾರರೂ ಸೇರಿ 630 ಕೆ.ಜಿ. ಮೀರುವಂತಿಲ್ಲ ಎಂಬ ನಿಯಮವೇ ಇದೆ. ಬಂಡಿಯನ್ನೇ ಭಾರ ಮಾಡಿದರೂ ಕಷ್ಟ: ಶುರುವಿನಲ್ಲಿ ಓಡುತ್ತ ತಳ್ಳುವಾಗ ಆ ಜಡತ್ವವನ್ನು ಕಾಲುಗಳೇ ಗೆಲ್ಲಬೇಕು.

ಮಂಜಿಲ್ಲದ ಕಡೆಯೂ ಇದನ್ನು ತೋರಿಸಬಹುದು. 2 ಮೀಟರಿನ ಎರಡು ಹಲಗೆ ಅಕ್ಕಪಕ್ಕ, ಒಂದು ತುದಿ 20 ಸೆಂ.ಮೀ. ಮೇಲೆ. ಸಲೀಸಾಗಿ ಉರುಳುವ ಎರಡು ಗಾಲಿಬಂಡಿ; ಒಂದು 200 ಗ್ರಾಂ, ಇನ್ನೊಂದು ತೂಕದ ಬಟ್ಟು ಹೇರಿ 800 ಗ್ರಾಂ. ಮೊದಲು ಹಾಗೇ ಬಿಡಿ, ಬಹುತೇಕ ಒಟ್ಟಿಗೇ ಇಳಿಯುತ್ತವೆ. ಆಮೇಲೆ ಎರಡಕ್ಕೂ 30 ಸೆಂ.ಮೀ. ಚದರದ ರಟ್ಟನ್ನು ಹಾಯಿಯಂತೆ ಅಂಟಿಸಿ ಬಿಡಿ. ಹಗುರದ್ದು ಗೇಣುದ್ದ ಹಿಂದೆ ಬೀಳುತ್ತದೆ. ಒಂಟಿಯಾಗಿ ಬಿಟ್ಟು ಸ್ಟಾಪ್‌ವಾಚ್ ಒತ್ತುತ್ತ ಕೂತರೆ ಕೆಟ್ಟಿತು. ಅಂತರ ಸೆಕೆಂಡಿನ ಆರನೇ ಒಂದು ಭಾಗದಷ್ಟು, ಬೆರಳಿನ ತಡವೇ ಅಷ್ಟಿರುತ್ತದೆ. ಕೈಯಿಂದ ಬಿಟ್ಟರೆ ಒಂದಕ್ಕೆ ಗೊತ್ತಿಲ್ಲದೇ ನೂಕು ಸಿಗುತ್ತದೆ. ಎರಡಕ್ಕೂ ಅಡ್ಡಲಾಗಿ ಒಂದೇ ಅಳತೆಪಟ್ಟಿ ಹಿಡಿದು ಸರಕ್ಕನೆ ಎತ್ತಬೇಕು. ರಟ್ಟು ಹಿಂದಕ್ಕೆ ಬಾಗಿದರೆ ತಡೆ ಕಡಿಮೆಯಾಗುತ್ತದೆ, ಬೆನ್ನಿಗೊಂದು ಕಡ್ಡಿ ಬೇಕು.

1998ರ ನಾಗಾನೊದಿಂದ ಆರು ಚಳಿಗಾಲದ ಒಲಿಂಪಿಕ್ಸ್‌ಗಳಲ್ಲಿ ಲ್ಯೂಜ್ ಆಡಿದ ಭಾರತದ ಶಿವ ಕೇಶವನ್ ಸ್ಲೆಡ್‌ಗೆ ಗಾಲಿ ಹಾಕಿಕೊಂಡು ಹಿಮಾಲಯದ ರಸ್ತೆಗಳಲ್ಲಿ ಅಭ್ಯಾಸ ಮಾಡುತ್ತಿದ್ದದ್ದು ಇಲ್ಲಿ ಹೇಳಬೇಕಾದ ಮಾತು. ಘರ್ಷಣೆ ಬದಲಾಯಿತು, ಗಾಳಿ ಅದೇ.

ತಿರುವಿನ ವಿಷಯ ನಾಳೆಗೆ. ಹೊರಕ್ಕೆ ಎಸೆಯುವ ಬಲ ಅಂತ ಮಕ್ಕಳು ಬರೆದೇ ಬರೆಯುತ್ತಾರೆ. ಒಳಕ್ಕೆ ಒತ್ತುತ್ತಿರುವುದು ಮಂಜಿನ ಗೋಡೆ. 36 ಮೀ/ಸೆ ವೇಗ, 30 ಮೀಟರ್ ತ್ರಿಜ್ಯ ಅಂದರೆ 43 ಮೀ/ಸೆ², ಗುರುತ್ವದ ನಾಲ್ಕು ಪಟ್ಟಿಗೂ ಹೆಚ್ಚು. ಅಷ್ಟು ಒತ್ತಿದಾಗ ಸ್ಲೆಡ್‌ನ ಅಡಿಯ ಉಕ್ಕಿನ ಪಟ್ಟಿಯ (ರನ್ನರ್) ಕೆಳಗೆ ಘರ್ಷಣೆಯೂ ಏರಬೇಕಲ್ಲ, ಹಾಗಾದರೆ ತಿರುವಿನಲ್ಲಿ